ಅಪ್‌ಡೇಟ್: ನೆರೆ ವಲಯದ ಸೈಟಿಗೆ ಕೊನೆಗೂ ಪರವಾನಗಿ ಸಿಕ್ಕಿತು

ನೆನಪಿಲ್ಲದವರಿಗೆ: ಹೊಳೆ ಪಕ್ಕದ ನಮ್ಮ ಸೈಟಿನಲ್ಲಿ ಮನೆ ಕಟ್ಟಲು ಸ್ಥಳೀಯ ಸಂಸ್ಥೆ ಪರವಾನಗಿ ನಿರಾಕರಿಸಿತ್ತು. ‘ನೂರು ವರ್ಷಕ್ಕೊಮ್ಮೆ ಬರೋ ನೆರೆಗೆ ಇಷ್ಟು ರಗಳೆ ಯಾಕೆ, ಮಣ್ಣು ತುಂಬಿಸಿ ಎತ್ತರ ಮಾಡಿದರೆ ಸಾಲದೇ?’ ಅಂತ ಕೇಳಿದ್ದೆ.

ಎರಡೂ ಕಡೆ ತಪ್ಪಿದ್ದು ನಾನೇ. ನೂರು ವರ್ಷದ ನೆರೆ ಅಂದರೆ ಪ್ರತಿ ವರ್ಷವೂ 1% ಸಾಧ್ಯತೆ, ಅಷ್ಟೇ. ಈ ವರ್ಷ ಬಂದದ್ದು ಮುಂದಿನ ವರ್ಷವೂ ಬರಬಹುದು. 30 ವರ್ಷದ ಗೃಹಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ನೀರು ನುಗ್ಗುವ ಸಾಧ್ಯತೆ ಸುಮಾರು 26%!

ಮಣ್ಣಿನ ವಿಷಯಕ್ಕೆ ಎಂಜಿನಿಯರ್ ಏನೂ ವಾದಿಸಲಿಲ್ಲ. ತುಂಬಿದ ಲೋಟಕ್ಕೆ ಪೇಪರ್‌ವೇಟ್ ಇಳಿಬಿಟ್ಟರು; ಚೆಲ್ಲಿದ ನೀರು ನನ್ನ ನಕ್ಷೆಯ ಮೇಲೇ ಹರಿಯಿತು. ನಾನು ತುಂಬಿಸಿದಷ್ಟು ಜಾಗದ ನೀರು ಪಕ್ಕದ ಮನೆಗೆ ಹೋಗುತ್ತದೆ ಅನ್ನುವುದು ಆಗ ಹೊಳೆಯಿತು.

ಹೊಸ ನಕ್ಷೆಯಲ್ಲಿ ಮನೆ ಕಂಬಗಳ ಮೇಲಿದೆ. ಮನೆಯೊಳಗಿನ ನೆಲ, ನೆರೆ ನೀರು ಏರಬಹುದೆಂದು ಅಂದಾಜಿಸಿದ ಮಟ್ಟಕ್ಕಿಂತ 60 ಸೆಂ.ಮೀ. ಮೇಲೆ, ಮೀಟರ್ ಬೋರ್ಡ್ ಇನ್ನೂ ಎತ್ತರದಲ್ಲಿ. ಕೆಳಗೆ ಪಾರ್ಕಿಂಗ್ ಮಾತ್ರ. ಅಲ್ಲಿನ ಗೋಡೆಗಳಲ್ಲಿ ನೀರು ಒಳಹೊಕ್ಕು ಹೊರಹೋಗಲು ಕಿಂಡಿಗಳಿವೆ, ಒಂದೇ ಕಡೆಯ ಒತ್ತಡಕ್ಕೆ ಗೋಡೆ ಕುಸಿಯಬಾರದಲ್ಲ. ಮುಂದೆ ಅದನ್ನು ರೂಮು ಮಾಡುವುದಿಲ್ಲ ಅಂತ ಮುಚ್ಚಳಿಕೆಯನ್ನೂ ಬರೆಸಿಕೊಂಡರು. (ಆಸೆ ಇದ್ದದ್ದು ನಿಜ.)

ಒಂದು ಸಿಟ್ಟು ಮಾತ್ರ ಇಳಿದಿಲ್ಲ: ಈ ನಿಯಮಗಳನ್ನು ಮೊದಲ ದಿನವೇ ಹೇಳಿದ್ದರೆ ನಕ್ಷೆಯನ್ನು ಎರಡೆರಡು ಸಲ ಬರೆಸುವುದು ತಪ್ಪುತ್ತಿತ್ತು. ಈಗ ಉಳಿದಿರುವುದು ಮೆಟ್ಟಿಲಿನ ತಕರಾರು. ಅಮ್ಮನ ಮಂಡಿನೋವಿಗೆ ರ‍್ಯಾಂಪ್ ಬೇಕು, ಅದಕ್ಕೆ ಮತ್ತೆ ತಿದ್ದುಪಡಿ ಅರ್ಜಿ ಹಾಕಬೇಕಂತೆ.