ಸೆಂಟ್ರಲ್ ಪಾರ್ಕ್‌ನಲ್ಲಿ ಗೈಡ್ ಜೊತೆ ಸೈಕಲ್ ಟೂರ್, ಅರವತ್ತು ದಾಟಿದವ್ರಿಗೆ ಆಗುತ್ತಾ?

ತೋಟದಮನೆ_ಸೋಮವಾರಪೇಟೆ:
ಎಲ್ರಿಗೂ ನಮಸ್ಕಾರ. ಮಗಳು ನ್ಯೂಜೆರ್ಸಿಲಿದಾಳೆ, ಅಕ್ಟೋಬರಲ್ಲಿ ನಾನೂ ಮನೆಯವ್ಳೂ ಹೋಗ್ತಿದೀವಿ, ಕಾಫಿ ಕೊಯ್ಲು ಶುರುವಾಗೋದ್ರೊಳಗೆ ವಾಪಸ್ ಬರ್ಬೇಕು. ನ್ಯೂಯಾರ್ಕ್ ಸೆಂಟ್ರಲ್ ಪಾರ್ಕಲ್ಲಿ ಗೈಡ್ ಜೊತೆ ಎರಡು ಗಂಟೆ ಸೈಕಲ್ ಟೂರ್ ಇದೆ, ಬುಕ್ ಮಾಡ್ಲಾ ಅಂತ ಕೇಳ್ತಿದಾಳೆ. ಸ್ಕೂಲಿಗೆ ಹೋಗೋವಾಗ ಸೈಕಲ್ ತುಳಿದಿದ್ದು, ಆಮೇಲೆಲ್ಲ ಜೀಪೇ. ಮಂಡಿನೋವು ಸ್ವಲ್ಪ ಇದೆ. ಮನೆಯವ್ಳಿಗೆ ಸೈಕಲ್ ಬರೋದೇ ಇಲ್ಲ. ಅಲ್ಲಿ ರಸ್ತೆ ಸಮ ಇದ್ಯಾ? ಗೈಡ್ ಬೇಕೇ ಬೇಕಾ, ಇಲ್ಲ ಬಾಡಿಗೆ ಸೈಕಲ್ ತಗೊಂಡು ನಾವೇ ಸುತ್ತಬಹುದಾ?

ಗೋಣಿಕೊಪ್ಪದವಳು:
ಅಂಕಲ್, ಧೈರ್ಯವಾಗಿ ಹೋಗಿ, ಆದ್ರೆ ಎಷ್ಟು ದೂರ ಕರ್ಕೊಂಡೋಗ್ತಾರೆ ಅಂತ ಮೊದ್ಲೇ ಕೇಳ್ಕೊಳ್ಳಿ. ಪಾರ್ಕ್ 843 ಎಕರೆ, ಪೂರ್ತಿ ಒಂದು ಸುತ್ತು ಹೊಡೆದ್ರೆ ಹತ್ರ ಹತ್ರ 10 ಕಿಲೋಮೀಟರ್. ಸಮ ಅಂತೂ ಇಲ್ಲ. ಉತ್ತರದ ತುದಿಲಿ ಹಾರ್ಲೆಮ್ ಹಿಲ್ ಅಂತ ಏರಿದೆ, ಮಡಿಕೇರಿ ಘಾಟ್ ನೋಡಿದವ್ರಿಗೆ ಅದು ಏರೇ ಅಲ್ಲ ಅನ್ಸುತ್ತೆ, ಆದ್ರೆ ಜೀಪಲ್ಲಿ ಹತ್ತೋದು ಬೇರೆ ಮಂಡಿ ಬಲದಲ್ಲಿ ಹತ್ತೋದು ಬೇರೆ. 102ನೇ ಸ್ಟ್ರೀಟ್ ಹತ್ರ ಅಡ್ಡರಸ್ತೆ ಇದೆ, ಅಲ್ಲೇ ಎಡಕ್ಕೆ ತಿರುಗಿದ್ರೆ ಆ ಏರು ತಪ್ಪುತ್ತೆ. 72ನೇ ಸ್ಟ್ರೀಟ್ ಹತ್ರ ತಿರುಗಿದ್ರೆ ಮೂರು ಕಿಲೋಮೀಟರ್ ಒಳಗೇ ಒಂದು ಸುತ್ತು ಮುಗೀತು.

2018ರಿಂದ ಪಾರ್ಕ್ ಒಳಗಿನ ಸುತ್ತುರಸ್ತೆಲಿ ಕಾರು ಬಿಡಲ್ಲ, ಎಲ್ರೂ ಗಡಿಯಾರದ ಎದುರು ದಿಕ್ಕಿಗೇ ಹೋಗ್ಬೇಕು. ನಡೆಯೋರ ದಾರಿಲಿ ತುಳಿಯೋ ಹಾಗಿಲ್ಲ, ಇಳಿದು ತಳ್ಕೊಂಡು ಹೋಗ್ಬೇಕು. ಮುಖ್ಯ ವಿಷಯ, ಬ್ರೇಕು! ನಮ್ಮೂರಲ್ಲಿ ಸಾಮಾನ್ಯವಾಗಿ ಬಲಗೈದು ಮುಂದಿನ ಚಕ್ರದ್ದು, ಅಲ್ಲಿ ಎಡಗೈದು ಮುಂದಿನದ್ದು. ಇಳಿಜಾರಲ್ಲಿ ಗಾಬರಿಯಾಗಿ ಎಡಗೈ ಒಂದನ್ನೇ ಗಟ್ಟಿ ಒತ್ಬೇಡಿ. ಹೊರಡೋ ಮುಂಚೆ ನಿಂತಲ್ಲೇ ಎರಡೂ ಒತ್ತಿ ನೋಡ್ಕೊಳ್ಳಿ, ಸೀಟನ್ನೂ ನಿಮ್ಮ ಕಾಲಿಗೆ ಸರಿಯಾಗಿ ಮಾಡಿಸ್ಕೊಳ್ಳಿ, ಸೀಟು ತಗ್ಗಿದ್ರೆ ಮಂಡಿ ಜಾಸ್ತಿ ನೋಯುತ್ತೆ.

ಹಳೇ_ಮೇಷ್ಟ್ರು_ಮಡಿಕೇರಿ:
ದಾರಿ ತೋರ್ಸೋಕೆ ಗೈಡ್ ಬೇಕಾಗಿಲ್ಲ ಸರ್, ಆದ್ರೂ ಕರ್ಕೊಳ್ಳಿ ಅಂತೀನಿ. ಯಾಕಂದ್ರೆ ಅಲ್ಲಿ ಕಣ್ಣಿಗೆ ಕಾಣೋದ್ರಲ್ಲಿ ಅರ್ಧ ವಿಷಯ ಯಾರಾದ್ರೂ ಹೇಳದಿದ್ರೆ ಗೊತ್ತಾಗಲ್ಲ. ನಾವು ಕಾಡು ನೋಡಿ ಬೆಳೆದವ್ರು, ಅಲ್ಲಿ ಮರ ಬಂಡೆ ಕೆರೆ ನೋಡಿ ತಾನಾಗೇ ಇದ್ದಿದ್ದು ಅಂದ್ಕೋತೀವಿ. ಬಂಡೆ ನಿಜವಾಗ್ಲೂ ಅಲ್ಲಿಂದೇ, ಕೆರೆಗಳೆಲ್ಲ ಮನುಷ್ಯರು ಮಾಡಿದ್ದು. ಓಲ್ಮ್‌ಸ್ಟೆಡ್, ವಾಕ್ಸ್ ಅಂತ ಇಬ್ರು ಈ ಪಾರ್ಕಿಗೆ ಹಾಕಿದ ನಕ್ಷೆ 1858ರಲ್ಲಿ ಸ್ಪರ್ಧೆಲಿ ಗೆದ್ದಿತ್ತು. ಊರಿನ ಗಾಡಿಗಳು ಪಾರ್ಕ್ ದಾಟೋ ನಾಲ್ಕು ರಸ್ತೆನೂ ಅವ್ರು ನೆಲಮಟ್ಟಕ್ಕಿಂತ ಕೆಳಗೆ ಇಳಿಸಿಬಿಟ್ರು, ಮೇಲೆ ಸೈಕಲ್ ತುಳಿಯೋರಿಗೆ ಕೆಳಗೆ ಟ್ರಾಫಿಕ್ ಹೋಗ್ತಿರೋದೇ ಅಷ್ಟಾಗಿ ಗೊತ್ತಾಗಲ್ಲ. ಆ ಕಾಲಕ್ಕೆ ಎಂಥ ಯೋಚನೆ!

ಪೂರ್ವದ ರಸ್ತೆಲಿ 76ನೇ ಸ್ಟ್ರೀಟ್ ಆಸುಪಾಸು ಏರು ಹತ್ತೋವಾಗ ಎಡಗಡೆ ಬಂಡೆ ಮೇಲೆ ನೋಡಿ, ಕಂಚಿನ ಪ್ಯಾಂಥರ್ ಒಂದು ಮೈ ಕುಗ್ಗಿಸಿ ರಸ್ತೆ ಕಡೆಗೇ ಹೊಂಚು ಹಾಕಿ ಕೂತಿದೆ. 1883ರದ್ದು. ಸುತ್ತ ಗಿಡ ಬೇರೆ, ಗೊತ್ತಿಲ್ದೆ ಹೋದ್ರೆ ಕಾಣೋದೇ ಇಲ್ಲ.

ಇನ್ನೊಂದು, ಗೈಡ್ ಹತ್ರ ಸೆನೆಕಾ ವಿಲೇಜ್ ಎಲ್ಲಿತ್ತು ಅಂತ ಖಂಡಿತ ಕೇಳಿ. ಪಶ್ಚಿಮದ ಬದಿಲಿ 82ರಿಂದ 89ನೇ ಸ್ಟ್ರೀಟ್ ನಡುವೆ, 1825ರಿಂದ ಹೆಚ್ಚಾಗಿ ಕಪ್ಪುಜನರೇ ಜಾಗ ಕೊಂಡು ಮನೆ, ಚರ್ಚು, ಶಾಲೆ ಕಟ್ಕೊಂಡಿದ್ರು, ಪಾರ್ಕಿಗೋಸ್ಕರ 1857ರಲ್ಲಿ ಅವ್ರನ್ನೆಲ್ಲ ಎಬ್ಬಿಸಿದ್ರು. ನಾಗರಹೊಳೆ ಕಾಡಿನ ಆದಿವಾಸಿ ಹಾಡಿಗಳಿಂದ ಹೊರಗೆ ಬಂದ ಜನ ನಮ್ಮ ಜಿಲ್ಲೆಲೇ ಇರೋವಾಗ ನಾವು ಅದನ್ನ ಕೇಳ್ದೆ ಬರಬಾರ್ದು.

ತೋಟದಮನೆ_ಸೋಮವಾರಪೇಟೆ:
ತುಂಬ ಥ್ಯಾಂಕ್ಸ್. ಗೈಡ್ ಸಮೇತನೇ, ಏರು ಬಿಟ್ಟು ಚಿಕ್ಕ ಸುತ್ತು ಅಂತ ಮಗಳಿಗೆ ಹೇಳ್ದೆ. ಮನೆಯವ್ಳಿಗೆ ಏನ್ಮಾಡೋದು?

ಗೋಣಿಕೊಪ್ಪದವಳು:
ಇಬ್ರು ತುಳಿಯೋ ಸೈಕಲ್ ಬಾಡಿಗೆಗೆ ಸಿಗುತ್ತೆ ಅಂಕಲ್, ಆದ್ರೆ ಬ್ಯಾಲೆನ್ಸ್ ಪೂರ್ತಿ ನಿಮ್ಮ ಮೇಲೇ ಬೀಳುತ್ತೆ, ಮಂಡಿನೋವು ಬೇರೆ ಇದೆ, ನಾನಂತೂ ಬೇಡ ಅಂತೀನಿ. ಸೈಕಲ್ ರಿಕ್ಷಾ ಇದೆ, ಆಂಟಿ ಅದ್ರಲ್ಲಿ ಮಗಳ ಜೊತೆ ಬರ್ಲಿ. ಅವ್ರು ಚಾರ್ಜ್ ಮಾಡೋದು ನಿಮಿಷದ ಲೆಕ್ಕದಲ್ಲಿ, ರೇಟ್ ಬರೆದಿರೋ ಬೋರ್ಡ್ ಗಾಡಿಲೇ ಇರ್ಬೇಕು, ಅದನ್ನ ಓದಿ ಒಟ್ಟು ಎಷ್ಟಾಗುತ್ತೆ ಅಂತ ಬಾಯಿಬಿಟ್ಟು ಕೇಳಿದ್ಮೇಲೇ ಹತ್ಲಿ. ಬೆಥೆಸ್ಡಾ ಕಾರಂಜಿ ಹತ್ರ ಎಷ್ಟು ಹೊತ್ತಿಗೆ ನಿಲ್ತೀರಿ ಅಂತ ನಿಮ್ಮ ಗೈಡ್ ಹತ್ರ ಕೇಳಿ ಅಲ್ಲೇ ಸಿಗಿ.