ಅಪ್‌ಡೇಟ್: ಕೊನೆಗೆ ಟರ್ಬೊ ಇಲ್ಲದ ಎಂಜಿನ್ನನ್ನೇ ಆರಿಸಿಕೊಂಡೆ
ಬೆಂಗಳೂರಿನ ದಿನನಿತ್ಯದ ಟ್ರಾಫಿಕ್ಕಿಗೂ ತಿಂಗಳಿಗೊಮ್ಮೆ ಚಾರ್ಮಾಡಿ ಘಾಟಿ ಹತ್ತುವುದಕ್ಕೂ ಮಾರುತಿ ಫ್ರಾಂಕ್ಸ್ ಕಾರಿನ 1.0 ಲೀಟರ್ ಟರ್ಬೊ (ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಎಂಜಿನ್ ಸೂಕ್ತವೋ, ಟರ್ಬೊ ಇಲ್ಲದ 1.2 ಲೀಟರ್ ಎಂಜಿನ್ ಸೂಕ್ತವೋ ಎಂದು ಹಿಂದೆ ಕೇಳಿದ್ದೆ. ಘಾಟಿಗೆ ಟರ್ಬೊನೇ ಸರಿ ಎಂದು ಹೆಚ್ಚಿನವರು ಸಲಹೆ ನೀಡಿದ್ದಿರಿ. ಎರಡನ್ನೂ ಓಡಿಸಿ ನೋಡಿದ ಮೇಲೆ ನಾನು 1.2 ಅನ್ನೇ ಕೊಂಡಿದ್ದೇನೆ.

ನಿಮ್ಮ ಸಲಹೆ ತಪ್ಪಾಗಿರಲಿಲ್ಲ. ಟರ್ಬೊದಲ್ಲಿ ಸುಮಾರು 148 ಎನ್‌ಎಂ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) 2000 ಆರ್‌ಪಿಎಂನಿಂದಲೇ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ದೊರೆಯುವುದರಿಂದ, ನಾಲ್ವರು ಕುಳಿತಿದ್ದರೂ ಸ್ನೇಹಿತರ ಕಾರು ಮೂರನೇ ಗೇರಿನಲ್ಲಿ ಸಲೀಸಾಗಿ ಏರಿತು. ಆದರೆ ಕಡಿದಾದ ತಿರುವಿನಲ್ಲಿ ಆರ್‌ಪಿಎಂ 1500ಕ್ಕಿಂತ ಕೆಳಗಿಳಿದಾಗ, ಆಕ್ಸಿಲರೇಟರ್ ಒತ್ತಿದರೂ ಕ್ಷಣಕಾಲ ತಡೆದು, ಆಮೇಲೆ ಒಮ್ಮೆಲೇ ಮುಂದಕ್ಕೆ ನುಗ್ಗುತ್ತಿತ್ತು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವಾಗಲೂ ಅದೇ ಕಥೆ.

1.2ರ ಟಾರ್ಕ್ 113 ಎನ್‌ಎಂ ಮಾತ್ರ, ಅದೂ 4400 ಆರ್‌ಪಿಎಂನಲ್ಲಿ. ಆದರೂ ಅದು ಕಾಲಿನ ಮಾತು ತಕ್ಷಣ ಕೇಳುತ್ತದೆ. ಘಾಟಿಯಲ್ಲಿ ಎಸಿ ಹಾಕಿಕೊಂಡು ಎರಡನೇ ಗೇರಿಗೆ ಇಳಿಸಿದರೆ, "ಯಾಕಪ್ಪಾ ಹೀಗೆ ಅರಚುತ್ತೆ?" ಎಂದು ಹಿಂದಿನ ಸೀಟಿನಿಂದ ಅಮ್ಮ ಕೇಳುತ್ತಾರೆ. ನನ್ನ ಕಚೇರಿ ಕೇವಲ ನಾಲ್ಕು ಕಿಲೋಮೀಟರ್ ದೂರದಲ್ಲಿದ್ದು, ಎಂಜಿನ್ ಆಯಿಲ್ ಸರಿಯಾಗಿ ಬಿಸಿಯಾಗುವ ಮೊದಲೇ ಪ್ರಯಾಣ ಮುಗಿಯುವುದರಿಂದ, ಅದೇ ಆಯಿಲನ್ನು ನಂಬಿ ತಿರುಗುವ ಟರ್ಬೊದ ಚಿಂತೆ ನನಗೆ ಬೇಡವೆನಿಸಿತು.