‘ಏಂಜೆಲ್’ ಎಂಬುದಕ್ಕೆ ದೇವದೂತ, ಮಲಕ್, ಅಪ್ಸರೆ: ಯಾವುದು ಸರಿ?

ಪ್ರಶ್ನೆ (ವಿರಾಜಪೇಟೆಯ ಶಿಕ್ಷಕಿ):
ನಮ್ಮ ಶಾಲೆಯ ಕೈಬರಹದ ಪತ್ರಿಕೆಗೆ ಮಕ್ಕಳು ಬರೆದ ಕಥೆಗಳನ್ನು ತಿದ್ದುತ್ತಿದ್ದೇನೆ. ಸಂತ ಅನ್ನಮ್ಮನವರ ಚರ್ಚಿಗೆ ಹೋಗುವ ಮಕ್ಕಳು ‘ದೇವದೂತ’ ಎಂದೂ ಮದರಸಾಕ್ಕೆ ಹೋಗುವವರು ‘ಮಲಕ್’ ಎಂದೂ ಬರೆದಿದ್ದಾರೆ. ಉಳಿದ ಹಲವರ ಕಥೆಗಳಲ್ಲಿ ಅದೇ ಏಂಜೆಲ್ ಅಪ್ಸರೆಯೋ ಕಿನ್ನರಿಯೋ ಆಗಿದೆ. ಕೊಡವ ಮನೆತನದ ವಿದ್ಯಾರ್ಥಿಯೊಬ್ಬ, ತಮ್ಮ ಕುಟುಂಬವನ್ನು ಕಾಯುವ ಗುರುಕಾರಣನನ್ನೂ ಏಂಜೆಲ್ ಎನ್ನಬಹುದೇ ಎಂದು ಕೇಳಿದ್ದಾನೆ. ಈ ಪದಗಳ ಮೂಲಾರ್ಥವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮಡಿಕೇರಿ):
‘ಏಂಜೆಲ್’ ಬಂದಿರುವುದು ಗ್ರೀಕಿನ ‘ಆಂಗೆಲೊಸ್’ ಪದದಿಂದ. ಅದರ ಅರ್ಥ ಸುದ್ದಿ ಒಯ್ಯುವವನು ಎಂದಷ್ಟೇ. ರೆಕ್ಕೆ, ಬೆಳಕು, ಸೌಂದರ್ಯ ಯಾವುದೂ ಆ ಪದದೊಳಗೆ ಇಲ್ಲ. ಹೀಬ್ರೂ ಬೈಬಲಿನ ‘ಮಲಾಖ್’ ಕೂಡ ಹಾಗೆಯೇ: ಯಾಕೋಬನು ತನ್ನ ಅಣ್ಣ ಏಸಾವನ ಬಳಿಗೆ ಕಳುಹಿಸಿದ ಆಳುಗಳಿಗೂ ದೇವರು ಕಳುಹಿಸಿದವರಿಗೂ ಅಲ್ಲಿ ಒಂದೇ ಪದ ಬಳಕೆಯಾಗಿದೆ. ಬೈಬಲನ್ನು ಲ್ಯಾಟಿನ್‌ಗೆ ತಂದಾಗ ಮನುಷ್ಯದೂತನಿಗೆ ‘ನುಂತಿಯುಸ್’, ಸ್ವರ್ಗದ ದೂತನಿಗೆ ‘ಆಂಗೆಲುಸ್’ ಎಂದು ಪದಗಳನ್ನು ಬಹುಮಟ್ಟಿಗೆ ಬೇರ್ಪಡಿಸಿದ್ದರಿಂದ, ಕೆಲಸವನ್ನು ಸೂಚಿಸುತ್ತಿದ್ದ ಹೆಸರು ಯುರೋಪಿನ ಭಾಷೆಗಳಲ್ಲಿ ಕ್ರಮೇಣ ಒಂದು ಜಾತಿಯ ಹೆಸರಾಯಿತು. ಏಂಜೆಲ್ ಎಂಬುದು ಸ್ವಭಾವದ ಹೆಸರಲ್ಲ, ಕಾರ್ಯದ ಹೆಸರು ಎಂದು ಸಂತ ಅಗಸ್ಟೀನನು (354–430) ಒತ್ತಿ ಹೇಳಿದ್ದಾನೆ. ಕನ್ನಡ ಬೈಬಲಿನ ‘ದೂತ’ ಈ ಮೂಲಾರ್ಥವನ್ನು ಉಳಿಸಿಕೊಂಡಿದೆ, ಹನುಮಂತನನ್ನು ರಾಮದೂತನೆಂದು ಕರೆಯುವ ನಾಡಿನಲ್ಲಿ ಇದನ್ನು ವಿವರಿಸಬೇಕಾಗಿಯೂ ಇಲ್ಲ.

‘ಸುವಾರ್ತೆ’ ಎಂದು ನಾವು ಕರೆಯುವ ‘ಎವಾಂಗೆಲಿಯೊನ್’ ಇದೇ ಬೇರಿನದು. ನಮ್ಮೂರಿನ ಚರ್ಚಿಗೆ ಹೆಸರು ಕೊಟ್ಟ ಸಂತ ಮೈಕಲ್ ಪ್ರಧಾನದೂತ. ಆ ಹೆಸರೇ ‘ದೇವರಿಗೆ ಸಮಾನರು ಯಾರು?’ ಎಂಬ ಪ್ರಶ್ನೆ.

ಉತ್ತರ 2 (ನಾಪೋಕ್ಲು):
‘ಮಲಕ್’ ಅರಬ್ಬಿಯದು, ಹೀಬ್ರೂವಿನ ‘ಮಲಾಖ್’ಗೆ ಹತ್ತಿರದ ಬಂಧು, ಬಹುವಚನ ‘ಮಲಾಯಿಕಾ’. ಕುರ್‌ಆನಿನ 35ನೆಯ ಅಧ್ಯಾಯದ ಆರಂಭದಲ್ಲಿಯೇ ಮಲಕ್‌ಗಳನ್ನು ಎರಡು, ಮೂರು, ನಾಲ್ಕು ರೆಕ್ಕೆಗಳುಳ್ಳ ಸಂದೇಶವಾಹಕರೆಂದು ಹೇಳಲಾಗಿದೆ. ಉರ್ದುವಿನ ‘ಫರಿಶ್ತಾ’ ಪಾರಸಿಯಿಂದ ಬಂದದ್ದು, ಅದರ ಮೂಲಾರ್ಥ ‘ಕಳುಹಿಸಲ್ಪಟ್ಟವನು’; ಸಂಸ್ಕೃತದ ‘ಪ್ರೇಷಿತ’ ಎಂಬ ಪದಕ್ಕೂ ಅದಕ್ಕೂ ಧಾತುವಿನ ನಂಟಿದೆ. ಆದ್ದರಿಂದ ಮಕ್ಕಳು ಬರೆದ ‘ಮಲಕ್’ ಅನ್ನು ತಿದ್ದಿ ‘ದೇವದೂತ’ ಎಂದು ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅರ್ಥ ಒಂದೇ ಆಗಿರುವಾಗ ಅವರವರ ಮನೆಮಾತಿನ ಪದ ಉಳಿಯಲಿ.

ಉತ್ತರ 3 (ಪೊನ್ನಂಪೇಟೆ):
ಅಪ್ಸರೆಯರು ಇಂದ್ರಸಭೆಯ ನರ್ತಕಿಯರು, ಕಿನ್ನರರು ಗಾಯಕರು. ಸಂದೇಶ ಒಯ್ಯುವುದು ಅವರ ವೃತ್ತಿಯಲ್ಲ, ರೂಪದ ಹೋಲಿಕೆಯಿಂದಷ್ಟೇ ಈ ಪದಗಳು ಅನುವಾದಗಳಲ್ಲಿ ನುಸುಳಿವೆ. ಅವನ್ನು ತಿದ್ದುವುದೇ ಒಳ್ಳೆಯದು. ರೆಕ್ಕೆಯ ವಿಚಾರಕ್ಕೆ ಬಂದರೆ, ಕ್ರೈಸ್ತರ ಅತ್ಯಂತ ಹಳೆಯ ಚಿತ್ರಗಳಲ್ಲಿ ದೂತರಿಗೆ ರೆಕ್ಕೆಗಳಿಲ್ಲ. ಬೈಬಲಿನ ಪ್ರವಾದಿ ಯೆಶಾಯನು ಕಂಡ ಆರು ರೆಕ್ಕೆಗಳ ಸೆರಾಫಿಯರು, ಹಾಗೆಯೇ ರೆಕ್ಕೆಗಳುಳ್ಳ ಕೆರೂಬಿಯರು ಮೂಲದಲ್ಲಿ ದೂತರಿಂದ ಬೇರೆಯೇ ಆದ ವರ್ಗ.

ಗುರುಕಾರಣನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಖಚಿತ. ಕೈಮಡದಲ್ಲಿ (ಪೂರ್ವಜರ ಗುಡಿಯಲ್ಲಿ) ನಾವು ನೆನೆಯುವ ಕಾರಣವ ಒಕ್ಕದ (ಮನೆತನದ) ಹಿರಿಯ, ಬದುಕಿ ಬಾಳಿದ ಮನುಷ್ಯ. ಅವನನ್ನು ಬೇರೆ ಯಾರೂ ನಮ್ಮೆಡೆಗೆ ಕಳುಹಿಸಿದ್ದಲ್ಲ. ಕಾಯುವ ಕೆಲಸವೊಂದೇ ಸಮಾನವೆಂದು ಅವನನ್ನು ಏಂಜೆಲ್ ಎಂದರೆ, ರಕ್ತಸಂಬಂಧವೆಂಬ ಮುಖ್ಯವಾದ ಅಂಶವೇ ಬಿಟ್ಟುಹೋಗುತ್ತದೆ. ಆ ಹುಡುಗನ ಕಥೆಯಲ್ಲಿ ‘ಗುರುಕಾರಣ’ ಎಂದೇ ಬರೆಸಿ. ಅರ್ಥ ಗೊತ್ತಿಲ್ಲದ ಸಹಪಾಠಿಗಳಿಗೆ ಅವನೇ ವಿವರಿಸಲಿ.